ಎರಡೂ ಕಡೆಯಿಂದ ಹೊರಬಿದ್ದ ಫುಟ್‌ಬಾಲ್ ಪಂಡಿತ

ಇಂಗ್ಲೆಂಡಿಗೆ ಹೊರಟಾಗ ನನಗೆ ನನ್ನ ಮೇಲೆ ಪೂರ್ಣ ವಿಶ್ವಾಸವಿತ್ತು. ಭಾಲ್ಕಿಯ ಹೈಸ್ಕೂಲೊಂದರಲ್ಲಿ ದೈಹಿಕ ಶಿಕ್ಷಕನಾಗಿ ನಿವೃತ್ತನಾದವನು ನಾನು. ಸೀಟಿ ಊದಿ ಇಡೀ ಶಾಲೆಯನ್ನು ಸಾಲಾಗಿ ನಿಲ್ಲಿಸಿದವನಿಗೆ ಇಂಗ್ಲೆಂಡ್ ಯಾವ ಲೆಕ್ಕ? ಅದರಲ್ಲೂ ಆ ದೇಶ ಫುಟ್‌ಬಾಲಿನದು. ಫುಟ್‌ಬಾಲಿನ ನಿಯಮಗಳು ನನಗೆ ಬಾಯಿಪಾಠ. ನಮ್ಮ ಶಾಲೆಯಲ್ಲಿ ಇದ್ದದ್ದು ಒಂದೇ ಫುಟ್‌ಬಾಲು, ಅದರಲ್ಲಿಯೂ ಗಾಳಿ ನಿಲ್ಲುತ್ತಿರಲಿಲ್ಲ ಎಂಬುದು ಬೇರೆ ಮಾತು.

ನನ್ನ ಹೆಂಡತಿ ಸುಶೀಲಾ ಬೀದರಿನಲ್ಲಿ ನರ್ಸ್ ಆಗಿದ್ದವಳು. ಅವಳ ತಂಗಿ ಕರುಣಾ ಕೂಡ ನರ್ಸ್. ಇಂಗ್ಲೆಂಡಿನ ಉತ್ತರದ ಒಂದು ಸಣ್ಣ ಊರಿನಲ್ಲಿ ಕೆಲಸ. ಕರುಣಾಳ ಗಂಡ ಪ್ರಕಾಶ ಔರಾದಿನವನು. ಅದೇ ಆಸ್ಪತ್ರೆಯಲ್ಲಿ ರೋಗಿಗಳನ್ನು ಗಾಲಿಕುರ್ಚಿಯಲ್ಲಿ ಕೂಡಿಸಿ ಅಲ್ಲಿಂದಿಲ್ಲಿಗೆ ತಳ್ಳಿಕೊಂಡು ಹೋಗುತ್ತಾನೆ. ಗಂಡಹೆಂಡತಿ ಸೇರಿ ನಮ್ಮಿಬ್ಬರನ್ನು ಕರೆಸಿಕೊಂಡಿದ್ದರು.

ಪ್ರಕಾಶನ ಮನೆಯಲ್ಲಿ ಎಲ್ಲವೂ ನೀಲಿ. ಪರದೆ ನೀಲಿ, ಟೋಪಿ ನೀಲಿ, ಚಹಾದ ಕಪ್ ನೀಲಿ. ಆ ಊರಿನ ಫುಟ್‌ಬಾಲ್ ತಂಡದ ಬಣ್ಣ ಅದು.

"ಏನೋ ಇದು ಹುಚ್ಚು?" ಎಂದೆ.

"ಹುಚ್ಚಲ್ರಿ ಅಣ್ಣಾ," ಎಂದ ಪ್ರಕಾಶ. "ನಾವು ಹೊಸದಾಗಿ ಬಂದಾಗ ಥಂಡಿ ಅಂದ್ರ ಥಂಡಿ. ಮಾತಾಡ್ಸೋರು ಒಬ್ರೂ ಇದ್ದಿಲ್ಲ. ಒಂದಿನ ಸುಮ್ನ ಮ್ಯಾಚಿಗಿ ಹೋಗಿ ಕುಂತೆ. ಇವರು ಗೋಲ್ ಹೊಡದ್ರು. ಬಾಜೂಕಿನವ ನನಗ ಗಟ್ಟಿ ಹಿಡಕೊಂಡು ಕುಣದ. ಅವತ್ತಿಂದ ಈ ಊರು ನಂದಾಯ್ತು ನೋಡ್ರಿ."

ಆ ತಂಡದ ಸ್ಥಿತಿ ಈಗ ನಾಜೂಕಾಗಿತ್ತು. ಶನಿವಾರ ಕೊನೆಯ ಪಂದ್ಯ. ಸೋತರೆ ಕೆಳಗಿನ ದರ್ಜೆಗೆ ಇಳಿಯುತ್ತದೆ. ಸಮ ಮಾಡಿಕೊಂಡರೂ ಸಾಕು, ಉಳಿಯುತ್ತದೆ. ಪ್ರಕಾಶ ನನ್ನನ್ನು ಅವರ ಅಭ್ಯಾಸ ನೋಡಲು ಕರೆದೊಯ್ದ. ಅಲ್ಲಿ ನನ್ನ ಪರಿಣತ ಕಣ್ಣಿಗೆ ಒಂದು ದೋಷ ಬಿತ್ತು. ಗೋಲಿ, ಅಂದರೆ ಗೋಲು ಕಾಯುವವನು, ತನ್ನ ಗೋಲು ಬಿಟ್ಟು ಬಹಳ ಮುಂದೆ ಬಂದು ನಿಲ್ಲುತ್ತಿದ್ದ. ನಮ್ಮ ಶಾಲೆಯಲ್ಲಾಗಿದ್ದರೆ ಮೈದಾನ ಸುತ್ತಿಸುತ್ತಿದ್ದೆ!

ಮರುದಿನ ಸುಶೀಲಾ ನನ್ನನ್ನು ಚಿಲ್ಲರೆ ತರಲು ಕಳಿಸಿದಳು. ದೊಡ್ಡ ನೋಟು ಕೊಟ್ಟರೆ ಬಸ್ಸಿನವರು ಬೈಯುತ್ತಾರೆ ಎಂಬ ನಮ್ಮ ಕಡೆಯ ಭಯ ವಿಮಾನದಲ್ಲಿ ಅವಳ ಜೊತೆಗೇ ಬಂದಿತ್ತು. ಹೊರಗೆ ಕಿವಿ ಉದುರುವಂಥ ಚಳಿ. ಬೀದಿಯ ತಿರುವಿನಲ್ಲಿ ಒಂದು ಬ್ಯಾಂಕು ಕಂಡಿತು. ಒಳಗೆ ಹೋದೆ.

ಅದು ಬ್ಯಾಂಕೇ ಎಂಬುದರಲ್ಲಿ ನನಗೆ ಸಂಶಯವೇ ಬರಲಿಲ್ಲ. ಗಾಜಿನ ಹಿಂದೆ ಒಬ್ಬ ಹುಡುಗಿ ಹಣ ಎಣಿಸುತ್ತಿದ್ದಳು. ಜನ ಚೀಟಿ ತುಂಬುತ್ತಿದ್ದರು. ಪೆನ್ನುಗಳು ಡಬ್ಬಿಯ ತುಂಬ ಇದ್ದವು, ಯಾವುದಕ್ಕೂ ದಾರ ಕಟ್ಟಿರಲಿಲ್ಲ. ಎಂಥ ನಂಬಿಕೆಯ ದೇಶ ಎಂದು ಮೆಚ್ಚಿಕೊಂಡೆ. ಗೋಡೆಯ ಟಿವಿಗಳಲ್ಲಿ ಕುದುರೆಗಳು ಓಡುತ್ತಿದ್ದವು. ಸೇವೆ ಎಷ್ಟು ತ್ವರಿತ ಎಂಬುದನ್ನು ತೋರಿಸುವ ಜಾಹೀರಾತಿರಬೇಕು ಎಂದುಕೊಂಡೆ.

ಸರದಿಯಲ್ಲಿ ನನ್ನ ಮುಂದಿದ್ದ ಮುದುಕ ತಿರುಗಿ ನಕ್ಕು, ತನ್ನ ಹೆಸರು ಜಾರ್ಜ್ ಎಂದ. ನಾನು ದೇವದಾಸ್, ದೈಹಿಕ ಶಿಕ್ಷಕ, ಭಾಲ್ಕಿ ಎಂದು ಇಂಗ್ಲಿಷಿನಲ್ಲಿ ಪರಿಚಯ ಹೇಳಿಕೊಂಡೆ. ಅವನ ಕಿವಿಗೆ ಅದು ಭಾರತದ ಕೋಚ್ ಎಂದು ಕೇಳಿಸಿತು. ಸರಿಪಡಿಸಬಹುದಿತ್ತು. ಸರಿಪಡಿಸಲಿಲ್ಲ.

ಶನಿವಾರ ಯಾರು ಗೆಲ್ಲುತ್ತಾರೆ ಎಂದು ಜಾರ್ಜ್ ಕೇಳಿದ. ಇಂಥ ಪ್ರಶ್ನೆಯನ್ನು ನನಗೆ ಇಷ್ಟು ಗೌರವದಿಂದ ಯಾರೂ ಕೇಳಿರಲಿಲ್ಲ. ಗೋಲಿಯ ದೋಷವನ್ನು ಸಾಂಗವಾಗಿ ವಿವರಿಸಿದೆ. ನೆಲದ ಮೇಲೆ ಪೆನ್ನುಗಳನ್ನಿಟ್ಟು ಚೆಂಡು ಹೇಗೆ ತಲೆಯ ಮೇಲಿಂದ ಹಾರಿ ಒಳಗೆ ಬೀಳುತ್ತದೆಂದು ತೋರಿಸಿದೆ. ಹೊರಗಿನಿಂದ ಬರುವ ಕೆಂಪು ತಂಡವೇ ಗೆಲ್ಲುವುದು ಎಂದು ತೀರ್ಪು ಕೊಟ್ಟೆ. ಸುತ್ತ ಜನ ಸೇರಿತು. ಜಾರ್ಜ್ ತಾನೂ ಒಂದು ಚೀಟಿ ತುಂಬಿ, ನನಗೂ ಒಂದು ತುಂಬಿಕೊಟ್ಟ. ನಾನು ನೋಟು ಕೊಟ್ಟೆ. ಹುಡುಗಿ ಸ್ವಲ್ಪ ಹಿಡಿದುಕೊಂಡು ಉಳಿದದ್ದನ್ನು ಚಿಲ್ಲರೆಯಾಗಿ ಕೊಟ್ಟು, ಜೊತೆಗೊಂದು ರಸೀದಿಯನ್ನೂ ಕೊಟ್ಟಳು. ಬ್ಯಾಂಕಿನವರು ಗ್ರಾಹಕರಿಗಾಗಿ ಏನೋ ಜ್ಞಾನಸ್ಪರ್ಧೆ ಇಟ್ಟಿದ್ದಾರೆ, ಅದರ ಪ್ರವೇಶ ಶುಲ್ಕ ಎಂದು ತಿಳಿದೆ. ಎಲ್ಲರ ಕೈಕುಲುಕಿ ಮನೆಗೆ ಬಂದೆ.

ಸುಶೀಲಾ ಸ್ನಾನಕ್ಕೆ ಹೋಗಿದ್ದಳು. ಪ್ರಕಾಶನಿಗೆ ರಸೀದಿ ತೋರಿಸಿದೆ. ಅವನ ಮುಖದ ಬಣ್ಣ ಇಳಿಯಿತು.

"ಅಣ್ಣಾ, ಇದೇನ್ ಮಾಡಿ ಬಂದೀರಿ?"

"ಸ್ಪರ್ಧೆ. ಬ್ಯಾಂಕಿಂದು."

"ಎಲ್ಲೀ ಬ್ಯಾಂಕರಿ! ಅದು ಸಟ್ಟಾ ಆಡೋ ದುಕಾನ್ ಅದ! ಇಲ್ಲಿ ರಾಜಾರೋಷ ನಡಸ್ತಾರ. ನೀವು ರೊಕ್ಕಾ ಹಚ್ಚಿ ಬಂದೀರಿ!"

ನಾನು ಹತ್ತಿರವಿದ್ದ ಕುರ್ಚಿಯಲ್ಲಿ ಕುಳಿತೆ. ನಾವು ಮೆಥಡಿಸ್ಟರು. ಬೀದರಿನ ನಮ್ಮ ಚರ್ಚಿನಲ್ಲಿ ಪ್ರತಿ ವರ್ಷ ಜೂಜಿನ ವಿರುದ್ಧ ಭಾಷಣವಿರುತ್ತದೆ. ಭಾಷಣಕಾರ ನಾನೇ.

"ಅದೂ ಹೋಗ್ಲಿ," ಪ್ರಕಾಶನ ದನಿ ಸಣ್ಣಗಾಯಿತು. "ನಮ್ಮ ಟೀಮ್ ಸೋಲ್ತದ ಅಂತ ಹಚ್ಚೀರಲ್ರಿ, ಅಣ್ಣಾ."

ನಾನು ರಸೀದಿ ಮಡಚಿ ಜೇಬಿಗೆ ತುರುಕಿದೆ. ಅಷ್ಟರಲ್ಲಿ ಸುಶೀಲಾ ಬಂದಳು. "ಚಿಲ್ಲರ ಸಿಕ್ತೇನ್ರಿ?" ಎಂದಳು. ಸಿಕ್ಕಿತು ಎಂದು ಅವಳ ಅಂಗೈಗೆ ಸುರಿದೆ. ಇಷ್ಟು ಬೇಗ ಕೆಲಸ ಮಾಡಿಕೊಂಡು ಬಂದದ್ದಕ್ಕೆ ಹೊಗಳಿದಳು. ಮದುವೆಯಾದಂದಿನಿಂದ ಆ ಹೊಗಳಿಕೆಗೆ ಕಾದಿದ್ದೆ, ಅನುಭವಿಸಲು ಆಗಲಿಲ್ಲ.

ಶನಿವಾರ ಕರುಣಾಳಿಗೆ ಡ್ಯೂಟಿ. ನಾವು ಮೂವರು ಪಂದ್ಯಕ್ಕೆ ಹೋದೆವು. ಕ್ರೀಡಾಂಗಣದೊಳಗೆ ಹೋದ ಕೂಡಲೇ ನಾನು ಮುಂದೆ ಓಡಿ ಮೂರು ಕುರ್ಚಿಗಳ ಮೇಲೆ ಮಫ್ಲರ್ ಹಾಸಿದೆ. ಭಾಲ್ಕಿಯಲ್ಲಿ ಖಟಕ ಚಿಂಚೋಳಿಯ ಬಸ್ಸಿಗೆ ಟವೆಲು ಎಸೆದು ಎಸೆದು ರೂಢಿಯಾದ ಕೈ ಅದು. ಕುರ್ಚಿಗಳಿಗೆ ನಂಬರು ಇರುತ್ತದಂತೆ. ಅಲ್ಲಿಂದ ಎಬ್ಬಿಸಿದರು.

ನಮ್ಮ ಸುತ್ತ ನೀಲಿ ಸಮುದ್ರ. ಪ್ರಕಾಶನ ಗೆಳೆಯರೆಲ್ಲ ನನ್ನ ಬೆನ್ನು ತಟ್ಟಿದರು. ಕೆಂಪು ಬಣ್ಣದವರು ಎದುರು ತುದಿಯಲ್ಲಿ, ಬೇರೆಯಾಗಿಯೇ ಕುಳಿತಿದ್ದರು. ನಡುವೆ ಹಳದಿ ಕೋಟಿನ ಕಾವಲುಗಾರರು.

ನೀಲಿ ತಂಡವೇ ಗೆಲ್ಲಲಿ, ನನ್ನ ರಸೀದಿ ಮಣ್ಣುಪಾಲಾಗಲಿ ಎಂದು ನಾನು ಶುದ್ಧ ಮನಸ್ಸಿನಿಂದ ಪ್ರಾರ್ಥಿಸಿದೆ. ಜೂಜಿನಲ್ಲಿ ಸೋಲಿಸು ಎಂದು ದೇವರಿಗೆ ಬಂದ ಮೊದಲ ಅರ್ಜಿ ಅದಾಗಿರಬೇಕು. ಅರ್ಜಿ ಕೂಡಲೇ ಮಂಜೂರಾಯಿತು. ನೀಲಿಯವರು ಗೋಲು ಹೊಡೆದರು! ಪ್ರಕಾಶ ನನ್ನನ್ನು ಎತ್ತಿದ. ನಾನೂ ಕೂಗಿದೆ. ಎಲ್ಲವೂ ಅಷ್ಟಕ್ಕೇ ಮುಗಿದಿದ್ದರೆ ಈ ಬರಹದ ಅವಶ್ಯಕತೆಯಿರಲಿಲ್ಲ.

ಸ್ವಲ್ಪ ಹೊತ್ತಿಗೆ ಗೋಲಿ ಮುಂದೆ ಬಂದ. ಇನ್ನೂ ಮುಂದೆ ಬಂದ. ಕೆಂಪು ತಂಡದವನೊಬ್ಬ ದೂರದಿಂದ ಚೆಂಡು ಎತ್ತಿ ಹೊಡೆದ. ಅದು ಗೋಲಿಯ ತಲೆಯ ಮೇಲಿಂದ, ನಾನು ಪೆನ್ನಿಟ್ಟು ತೋರಿಸಿದ ದಾರಿಯಲ್ಲಿಯೇ ತೇಲಿ, ಬಲೆಗೆ ಬಿತ್ತು. ಜೀವಮಾನದಲ್ಲಿ ನಾನು ಹೇಳಿದ್ದು ಹೇಳಿದಂತೆ ಆದದ್ದು ಅದೇ ಮೊದಲು. ನನ್ನೊಳಗಿನ ಶಿಕ್ಷಕ ಎದ್ದು ನಿಂತ. ಜೊತೆಗೆ ನಾನೂ ನಿಂತೆ.

"ನಾ ಹೇಳಿದ್ದಿಲ್ಲಾ! ನಾ ಹೇಳಿದ್ದಿಲ್ಲಾ!" ಎಂದು ಎರಡೂ ಕೈ ಮೇಲೆತ್ತಿ ಜಿಗಿದೆ.

ಸುತ್ತ ಸಾವಿನ ಮನೆಯ ಮೌನ. ಸಾವಿರಾರು ನೀಲಿ ಟೋಪಿಗಳು ನನ್ನ ಕಡೆ ತಿರುಗಿದವು. ಪ್ರಕಾಶ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಹಳದಿ ಕೋಟಿನವನೊಬ್ಬ ಬಂದು, ತಾವು ತಪ್ಪು ಕಡೆ ಕುಳಿತಿದ್ದೀರಿ, ತಮ್ಮ ಸುರಕ್ಷತೆಗಾಗಿ ನಮ್ಮೊಡನೆ ಬರಬೇಕು ಎಂದು ಸಭ್ಯವಾಗಿ ಹೇಳಿದ.

"ಸುಶೀಲಾ, ಏಳು," ಎಂದೆ.

"ನಾ ಯಾಕ ಏಳ್ಲಿ? ಕುಣದವರು ನೀವು. ನೀವು ಹೋಗ್ರಿ, ನಾ ಮ್ಯಾಚ್ ನೋಡ್ತೇನಿ," ಎಂದು ಅವಳು ಶೇಂಗಾದ ಪೊಟ್ಟಣ ಬಿಚ್ಚಿದಳು.

ನನ್ನನ್ನು ಮೈದಾನದ ಅಂಚಿನಲ್ಲಿ ನಡೆಸಿಕೊಂಡು ಹೋಗಿ ಕೆಂಪು ಜನರ ನಡುವೆ ಕೂಡಿಸಿದರು. ಅವರು ನನ್ನನ್ನು ಮದುಮಗನಂತೆ ಬರಮಾಡಿಕೊಂಡರು. ವೈರಿಗಳ ನಡುವೆ ಎದೆಗೊಟ್ಟು ಕೂಗಿದ ವೀರ ನಾನು! ಕೊರಳಿಗೆ ಕೆಂಪು ಮಫ್ಲರ್ ಬಿತ್ತು, ಕೈಗೆ ಬಿಸಿ ಕಾಫಿ ಬಂತು. ಅಷ್ಟರಲ್ಲಿ ಕೆಂಪು ತಂಡ ಇನ್ನೊಂದು ಗೋಲು ಹೊಡೆಯಿತು. ಎಲ್ಲರೂ ನನ್ನನ್ನು ಹಿಡಿದು ಕುಲುಕಿದರು.

ನನಗೆ ಕಂಡದ್ದು ಮಾತ್ರ ಎದುರು ತುದಿಯ ಪ್ರಕಾಶ. ಅಷ್ಟು ದೂರದಿಂದ ಮುಖ ಕಾಣದು, ಆದರೂ ತಲೆ ತಗ್ಗಿಸಿ ಕುಳಿತದ್ದು ಕಾಣುತ್ತಿತ್ತು. ಸುಶೀಲಾ ಅವನ ಬೆನ್ನ ಮೇಲೆ ಕೈಯಿಟ್ಟಿದ್ದಳು. ಪರದೇಶದಲ್ಲಿ ಅವನು ಕಷ್ಟಪಟ್ಟು ಸಂಪಾದಿಸಿದ ಊರು ಅದು. ನಾನು ಬಂದು ಅವನ ಗೆಳೆಯರೆದುರು ಅವನ ಮಾನ ಕಳೆದೆ. ಕಾಫಿಯನ್ನು ಕೈಯಲ್ಲಿಯೇ ಹಿಡಿದು ಕುಳಿತೆ.

ಆಟ ಮುಗಿಯುವ ಹೊತ್ತಿಗೆ ನೀಲಿಯವರ ಒಬ್ಬ ಆಟಗಾರ, ಬೊಕ್ಕ ತಲೆಯವನು, ಬಂದ ಚೆಂಡಿಗೆ ತಲೆ ಕೊಟ್ಟ. ಗೋಲು! ಸಮ! ಉಳಿದರು!

ನಾನು ಯೋಚಿಸಲಿಲ್ಲ. ಯೋಚಿಸಿದ್ದರೆ ಕುಳಿತೇ ಇರುತ್ತಿದ್ದೆ. "ಶಬ್ಬಾಶ್ ಮಗನ!" ಎಂದು ಕುರ್ಚಿಯ ಮೇಲೆಯೇ ಹತ್ತಿ ಕುಣಿದೆ. ಕೈಯಲ್ಲಿದ್ದ ಕಾಫಿ ಮುಂದಿನ ಸಾಲಿನವರಿಗೆ ಸಮನಾಗಿ ಹಂಚಿಹೋಯಿತು.

ಮತ್ತೆ ಮೌನ. ಮತ್ತೆ ಹಳದಿ ಕೋಟು. ಅದೇ ಮನುಷ್ಯ. ಈ ಸಲ ಅವನ ಸಭ್ಯತೆ ಸ್ವಲ್ಪ ಸವೆದಿತ್ತು. ತಾವು ಯಾರ ಕಡೆಯವರು ಎಂದು ಕೇಳಿದ. ನಾನು ಭಾಲ್ಕಿ ಎಂದೆ. ಅಂಥ ತಂಡ ಈ ದರ್ಜೆಯಲ್ಲಿಲ್ಲ ಎಂದು ಹೇಳಿ, ಮಫ್ಲರ್ ಬಿಚ್ಚಿಸಿಕೊಂಡು, ಗೇಟಿನ ಹೊರಗೆ ಬಿಟ್ಟ.

ಹೊರಗೆ ರಸ್ತೆಯಲ್ಲಿ ಒಬ್ಬನೇ ನಿಂತೆ. ಒಳಗಿನಿಂದ ಭೋರೆಂದು ಒಂದು ಕೂಗು ಎದ್ದಿತು. ಗೋಲೋ, ಆಟ ಮುಗಿಯಿತೋ, ನೀಲಿಯೋ, ಕೆಂಪೋ? ಸಂತೋಷಪಡಬೇಕೋ ಬೇಡವೋ ತಿಳಿಯದೆ ಮಂಗನ ಟೋಪಿ ಸರಿಮಾಡಿಕೊಂಡೆ.

ಗೇಟು ತೆರೆಯಿತು. ನೀಲಿ ಜನ ಹಾಡುತ್ತ ಹೊರಬಂದರು. ಪಂದ್ಯ ಸಮ, ತಂಡ ಉಳಿದಿತ್ತು. ಪ್ರಕಾಶ ಓಡಿಬಂದು ನನ್ನ ಮುಂದೆ ನಿಂತ. ಬೈಯುತ್ತಾನೆಂದು ಕಣ್ಣು ಮುಚ್ಚಿದೆ.

"ಅಣ್ಣಾ, ಆ ಕೆಂಪು ಮಂದಿ ನಡುವ ನಿಂತು ನಮ್ಮ ಗೋಲಿಗಿ ಕುಣದ್ರಲ್ರಿ! ನಮ್ಮ ದೋಸ್ತರು ಎಲ್ಲಾ ನೋಡ್ಯಾರ. ಹಿಂತಾ ಗಟ್ಟಿ ಗುಂಡಿಗಿ ನೋಡಿದ್ದಿಲ್ಲ ಅಂದ್ರು!" ಎಂದು ಅಪ್ಪಿಕೊಂಡ.

ಆ ಅಪ್ಪುಗೆಯಲ್ಲಿ ನಾನಿನ್ನೂ ಇರುವಾಗಲೇ ಯಾರೋ ನನ್ನ ಭುಜ ತಟ್ಟಿದರು. ಜಾರ್ಜ್! ಕೊರಳಲ್ಲಿ ನೀಲಿ ಮಫ್ಲರ್, ಮುಖದ ತುಂಬ ನಗು. ಕೋಚ್ ಸಾಹೇಬರ ಮಾತು ಕೇಳಿ ಬಾಜಿ ಕಟ್ಟಿದೆ, ಇಬ್ಬರೂ ಸೋತೆವು, ಆದರೆ ಸೋತು ಇಷ್ಟು ಖುಷಿಪಟ್ಟದ್ದು ಇದೇ ಮೊದಲು ಎಂದು ಸುಶೀಲಾಳ ಕೈಕುಲುಕಿ ಸ್ಪಷ್ಟ ಇಂಗ್ಲಿಷಿನಲ್ಲಿ ಹೇಳಿದ. ನನ್ನ ಹೆಂಡತಿಯ ಇಂಗ್ಲಿಷು ನನ್ನದಕ್ಕಿಂತ ಚೆನ್ನಾಗಿದೆ.

ಬಸ್ಸಿನಲ್ಲಿ ಅವಳು ಆ ಚಿಲ್ಲರೆಯನ್ನೇ ಎಣಿಸಿ ಟಿಕೆಟು ಕೊಂಡಳು. ಮನೆಯ ಬಾಗಿಲಲ್ಲಿ ಬೂಟು ಬಿಚ್ಚುವಾಗ ಕೇಳಿದಳು.

"ಈ ವರ್ಷ ಚರ್ಚಿನ್ಯಾಗ ಜೂಜಿನ ಭಾಷಣ ಯಾರದ್ರಿ?"

"ನನ್ನದೇ."

"ಛಲೋ ಆಯ್ತು. ಇಷ್ಟು ವರ್ಷ ಓದಿ ಹೇಳ್ತಿದ್ರಿ. ಈ ಸಲ ಮಾಡಿ ಹೇಳ್ರಿ."

ವಿಷಯ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಪ್ರಕಾಶನ ಗೆಳೆಯನೊಬ್ಬ ನಾನು ಕೆಂಪು ಮಫ್ಲರ್ ಹಾಕಿಕೊಂಡು ನೀಲಿಯವರ ಗೋಲು ಕಂಡು ಕುರ್ಚಿಯ ಮೇಲೆ ಕುಣಿದದ್ದನ್ನು ಮೊಬೈಲಿನಲ್ಲಿ ಹಿಡಿದಿದ್ದ. ಪ್ರಕಾಶ ಅಭಿಮಾನದಿಂದ ಅದನ್ನು ಔರಾದಿಗೆ ಕಳಿಸಿದ. ಔರಾದಿನಿಂದ ಅದು ಬೀದರಿನ ಮೈಲೂರಿಗೆ, ಚಿದ್ರಿಗೆ ಬಂದು, ಕೊನೆಗೆ ಭಾಲ್ಕಿಯ ನನ್ನ ಹಳೆಯ ವಿದ್ಯಾರ್ಥಿಗಳನ್ನು ಮುಟ್ಟಿತು. ನಾವು ಬೀದರಿಗೆ ಬರುವಷ್ಟರಲ್ಲಿ ಶಾಲೆಯ ಕ್ರೀಡಾಕೂಟಕ್ಕೆ ಮುಖ್ಯ ಅತಿಥಿಯಾಗಿ ಆಹ್ವಾನ ಕಾದಿತ್ತು. 'ಇಂಗ್ಲೆಂಡಿನ ಫುಟ್‌ಬಾಲ್ ಪಂದ್ಯದಲ್ಲಿ ಪಾಲ್ಗೊಂಡು ಬಂದವರು' ಎಂದು ಬ್ಯಾನರು ಬರೆಸಿದ್ದರು. ನಾನು ಇಸ್ತ್ರಿ ಹಾಕಿದ ಅಂಗಿ ತೊಟ್ಟು, ಸುಶೀಲಾಳನ್ನು ಕರೆದುಕೊಂಡು ಹೋದೆ.

ಹಾರ ಹಾಕಿದರು. ಚಪ್ಪಾಳೆ ಹೊಡೆದರು. ನಂತರ ಎರಡು ತಂಡಗಳ ನಡುವಿನ ಫುಟ್‌ಬಾಲ್ ಪಂದ್ಯ ಶುರುವಾಯಿತು. ಅತಿಥಿಗಳೆಲ್ಲ ಶಾಮಿಯಾನದ ನೆರಳಲ್ಲಿ ಕುಳಿತರು. ನನ್ನ ಕುರ್ಚಿಯೊಂದನ್ನು ಮಾತ್ರ ಮೈದಾನದ ಆಚೆ ಬದಿಗೆ ಒಯ್ದು, ಸುಣ್ಣದ ನಡುಗೆರೆಯ ತುದಿಗೆ ಸರಿಯಾಗಿ, ಸುಡುವ ಬಿಸಿಲಿನಲ್ಲಿ ಇಟ್ಟಿದ್ದರು.

"ಇದ್ಯಾಕ್ರಿ ಹಿಂಗ?" ಎಂದು ಹೆಡ್ ಮಾಸ್ಟರನ್ನು ಕೇಳಿದೆ.

ಅವರು ಬಹಳ ವಿನಯದಿಂದ ಕೈ ಮುಗಿದರು. "ತಪ್ಪು ತಿಳೀಬ್ಯಾಡ್ರಿ ಸರ್. ನೀವು ಯಾವ ಕಡಿ ಯಾವಾಗ ಕುಣೀತೀರೋ ಹೇಳಾಕ ಬರಂಗಿಲ್ರಿ. ಹುಡುಗರು ಜಗಳಾ ಮಾಡ್ತಾರ."

ಆಟ ಮುಗಿಯುವವರೆಗೂ ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕುಳಿತಿದ್ದೆ. ಗೋಲುಗಳು ಬಿದ್ದವು. ಯಾರವೆಂದು ನೋಡಲಿಲ್ಲ.