ಹತ್ತನೆಯ ಕೊಕ್ಕೆ

ಆ ಭಾನುವಾರದ ಅವಾಂತರಕ್ಕೆಲ್ಲ ಮೂಲ ಒಂದು ಸೀಮೆಸುಣ್ಣದ ತುಂಡು. ಅದು ಟೀಚರಮ್ಮನ ಚೀಲದಲ್ಲಿತ್ತು. ಹೇಳದೆ ಕೇಳದೆ ಅದನ್ನು ಜೇಬಿಗೆ ಹಾಕಿಕೊಂಡವನು ಅವಳ ಗಂಡ. ಅವನ ಮಟ್ಟಿಗೆ ಅದಕ್ಕೆ ಕಾರಣವೂ ಇತ್ತು. ಹಳೇ ಕಾರುಗಳ ತಪ್ಪುಗಳನ್ನು ಬರೆದಿಡುತ್ತಿದ್ದ ಅವನ ನೋಟ್‌ಬುಕ್ಕು ಹಿಂದಿನ ವಾರವೇ ತುಂಬಿಹೋಗಿತ್ತು.

ಗಂಡನಿಗೆ ಅಚ್ಚುಕೂಟದಲ್ಲಿ ಕರಡು ತಿದ್ದುವ ಕೆಲಸ. ಪುಸ್ತಕ ಅಚ್ಚಾಗುವ ಮೊದಲು ಪುಟಪುಟವನ್ನೂ ಓದಬೇಕು. ಅಕ್ಷರವೋ ಪದವೋ ಬಿಟ್ಟುಹೋಗಿದ್ದರೆ ಅಂಚಿನಲ್ಲಿ ಒಂದು ಚಿಕ್ಕ ಕೊಕ್ಕೆ ಹಾಕಬೇಕು. ಓದಿ ಮುಗಿದ ಪುಟದ ಕೆಳಗೆ ಸಹಿ ಮಾಡಬೇಕು. ತಪ್ಪಿದ್ದರೂ ಸಹಿ, ಇಲ್ಲದಿದ್ದರೂ ಸಹಿ. ನೋಡಿದ್ದೇನೆ ಎಂದಷ್ಟೇ ಅದರ ಅರ್ಥ. ಇಪ್ಪತ್ತೆರಡು ವರ್ಷ ಇದನ್ನೇ ಮಾಡಿ ಮಾಡಿ ಅವನ ಕಣ್ಣಿಗೆ ಪ್ರಪಂಚವೆಲ್ಲ ಕರಡಾಗಿಯೇ ಕಾಣತೊಡಗಿತ್ತು. ಊಟಕ್ಕೆ ಕೂತರೆ ಉಪ್ಪಿಗೆ ಕೊಕ್ಕೆ, ಇಸ್ತ್ರಿ ಮಾಡಿದ ಅಂಗಿ ಕೊಟ್ಟರೆ ಗುಂಡಿಗೆ ಕೊಕ್ಕೆ, ಯಾರಾದರೂ ಹೊಗಳಿದರೆ ಆ ಮಾತಿಗೂ ಒಂದು ಕೊಕ್ಕೆ. ಬೀದಿಯವರು ಅವನ ನಿಜವಾದ ಹೆಸರನ್ನು ಮರೆತು ಕೊಕ್ಕೆಪ್ಪ ಎಂದೇ ಕರೆಯುತ್ತಿದ್ದರು. ಅವನು ಅದನ್ನು ಬಿರುದು ಎಂದುಕೊಂಡಿದ್ದ.

ಟೀಚರಮ್ಮನಿಗೆ ಹನ್ನೊಂದು ವರ್ಷ ಕಾದ ಮೇಲೆ ಹೆಡ್‌ಮಿಸ್ ಆಗಿ ಬಡ್ತಿ ಬಂದಿತ್ತು. ಶಾಲೆ ಮಾತ್ರ ಊರಾಚೆ. ಬೆಳಗಿನ ಮೊದಲ ಬಸ್ಸು ಅಲ್ಲಿಗೆ ತಲುಪುವಷ್ಟರಲ್ಲಿ ಎರಡನೇ ಪಿರಿಯಡ್ಡು ಮುಗಿದಿರುತ್ತಿತ್ತು. ಸೋಮವಾರ ಎಂಟು ಗಂಟೆಗೆ ಬೆಲ್ಲು ಹೊಡೆಯುವಾಗ ಅವಳು ಅಲ್ಲಿರಬೇಕು, ಆಮೇಲೆ ದಿನವೂ ಇರಬೇಕು. ಇಲ್ಲದಿದ್ದರೆ ಆ ಕುರ್ಚಿ ಪಟ್ಟಿಯಲ್ಲಿ ಮುಂದಿನವರಾದ ಡ್ರಾಯಿಂಗ್ ಮೇಷ್ಟ್ರಿಗೆ ಹೋಗುತ್ತಿತ್ತು. ಅವರು ಆಗಲೇ ಹೊಸ ಕನ್ನಡಕ ಮಾಡಿಸಿಕೊಂಡಿದ್ದಾರೆಂದು ಸುದ್ದಿ. ಹಾಗಾಗಿ ಟೀಚರಮ್ಮ ಎರಡು ತಿಂಗಳಲ್ಲಿ ಕಾರು ಓಡಿಸುವುದನ್ನು ಕಲಿತು ಲೈಸೆನ್ಸು ತೆಗೆದುಕೊಂಡಳು. ಕೊಕ್ಕೆಪ್ಪನಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಆದ್ದರಿಂದ ಓಡಿಸುವುದು ಅವಳು, ಆರಿಸುವುದು ಅವನು ಎಂದು ತೀರ್ಮಾನವಾಯಿತು.

ಹೊಸ ಕಾರು ಕೈಗೆಟುಕುವ ಮಾತಲ್ಲ. ಮನೆಯಲ್ಲಿ ಇವರಿಬ್ಬರು, ಇಬ್ಬರು ಹೆಣ್ಣುಮಕ್ಕಳು, ಮಂಡಿನೋವಿನ ಅತ್ತೆ. ಎಲ್ಲರೂ ಹಿಡಿಸಬೇಕು, ಹಿಂದೆ ಸಾಮಾನು ಇಡಲು ಡಿಕ್ಕಿಯೂ ಇರಬೇಕು. “ಡಿಕ್ಕಿ ಇರೋ ಕಾರು ತನ್ನಿ, ಡಿಕ್ಕಿ ಹೊಡೆದ ಕಾರು ತರಬೇಡಿ” ಎಂದಷ್ಟೇ ಟೀಚರಮ್ಮ ಹೇಳಿದ್ದು. ಮೂರು ಭಾನುವಾರದಲ್ಲಿ ಕೊಕ್ಕೆಪ್ಪ ಹದಿನಾಲ್ಕು ಕಾರು ನೋಡಿ ಹದಿನಾಲ್ಕಕ್ಕೂ ಕೊಕ್ಕೆ ಹಾಕಿ ಬಂದಿದ್ದ. ಇದು ನಾಲ್ಕನೆಯ ಭಾನುವಾರ. ನಾಳೆಯೇ ಸೋಮವಾರ.

“ಸಂಜೆ ಒಳಗೆ ಕಾರು ಮನೆ ಮುಂದೆ ಇರಬೇಕು ರೀ” ಎಂದಳು ಟೀಚರಮ್ಮ. “ದುಡ್ಡು ನನ್ನ ಹತ್ರ ಇರಲಿ. ನೀವು ಆರಿಸಿ ಫೋನ್ ಮಾಡಿ. ಇವತ್ತೂ ಬರಿಗೈಲಿ ಬಂದ್ರೆ ಆ ಡ್ರಾಯಿಂಗ್ ಮೇಷ್ಟ್ರಿಗೆ ನೀವೇ ಹೋಗಿ ಹಾರ ಹಾಕಿ ಬನ್ನಿ.”

ಎದುರುಮನೆಯ ಟೈಂಕೀಪರ್ ಮಾವ ಎಂದಿನಂತೆ ಜೊತೆಗೆ ಹೊರಟ. ಬಸ್ ಡಿಪೋದಲ್ಲಿ ಮೂವತ್ತು ವರ್ಷ ಬಸ್ಸುಗಳ ಹೊತ್ತು ಬರೆದು ನಿವೃತ್ತನಾದವನು. ಕರೆಯದಿದ್ದರೂ ನಾಲ್ಕು ಭಾನುವಾರವೂ ತಪ್ಪದೆ ಬಂದಿದ್ದ. ಇಂಜಿನ್ನಿನ ಸದ್ದು ಕೇಳಿಯೇ ಗಾಡಿಯ ಆಯಸ್ಸು ಹೇಳಬಲ್ಲೆ ಎನ್ನುತ್ತಿದ್ದ. ಆದರೆ ಅವನ ಎಡಗಿವಿ ಮಂದ, ಬಾನೆಟ್ಟಿಗೆ ಒಡ್ಡುತ್ತಿದ್ದುದೂ ಅದನ್ನೇ.

ಹಳೇ ಕಾರಿನ ಮೈದಾನದಲ್ಲಿ ಅಂದು ಮೂವತ್ತು ನಲವತ್ತು ಗಾಡಿಗಳು ಸಾಲಾಗಿ ನಿಂತಿದ್ದವು. ಕೊಕ್ಕೆಪ್ಪ ಮೊದಲು ಕಂಡ ನೀಲಿ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದ. ಹತ್ತಿರ ಯಾರೂ ಇರಲಿಲ್ಲ. ಬರೆಯಲು ನೋಟ್‌ಬುಕ್ಕು ಇಲ್ಲದ್ದು ನೆನಪಾಗಿ ಸೀಮೆಸುಣ್ಣ ತೆಗೆದ. ಮುಂದಿನ ಗಾಜಿಗಿಂತ ಒಳ್ಳೆ ಅಂಚು ಎಲ್ಲಿ ಸಿಕ್ಕೀತು? ಎಡಗಡೆ ಕನ್ನಡಿಯ ಕವಚ ಇಲ್ಲ, ಒಂದು ಕೊಕ್ಕೆ. ಚಕ್ರದ ಮುಚ್ಚಳ ಇಲ್ಲ, ಇನ್ನೊಂದು. ಹೀಗೆ ನಾಲ್ಕು ಹಾಕಿ ಸಹಿ ಮಾಡುವಷ್ಟರಲ್ಲಿ ಗಂಡಹೆಂಡಿರಿಬ್ಬರು ಟೀ ಕುಡಿದು ಬಂದರು. ಆ ಕಾರು ಮಾರಾಟದ್ದೇ ಅಲ್ಲ. ಅವರೂ ಕಾರು ಕೊಳ್ಳಲು ಬಂದವರೇ.

ಗಂಡ ಕೆಂಡವಾದ. ಹೆಂಡತಿ ಮಾತ್ರ ಒಂದೊಂದು ಗುರುತೂ ಏನೆಂದು ವಿವರವಾಗಿ ಕೇಳಿಕೊಂಡಳು. ಕೇಳಿ ಗಂಡನತ್ತ ತಿರುಗಿ, ಕನ್ನಡಿಯ ಕವಚದ ವಿಷಯ ತಾನು ಎಷ್ಟು ವರ್ಷದಿಂದ ಹೇಳುತ್ತಿದ್ದೇನೆ, ದಾರಿಹೋಕನಿಗೆ ಕಂಡದ್ದು ನಿಮಗೆ ಕಾಣಲಿಲ್ಲವೇ ಎಂದು ಶುರುಮಾಡಿದಳು. ಅವರ ಜಗಳ ಕವಚದಿಂದ ತವರಿನವರೆಗೆ ಹೋಗುವಷ್ಟರಲ್ಲಿ ಕೊಕ್ಕೆಪ್ಪ ತನ್ನ ಕರ್ಚೀಫಿನಿಂದ ಗಾಜು ಒರೆಸಿ, ಆ ಕರ್ಚೀಫನ್ನು ಅಲ್ಲೇ ಎಸೆದು ಜಾರಿಕೊಂಡ.

ಸಾಲಿನ ಕೊನೆಯಲ್ಲಿ ಎರಡು ಬಿಳಿ ಕಾರುಗಳು ಅಕ್ಕಪಕ್ಕ ನಿಂತಿದ್ದವು. ಒಂದೇ ಮಾದರಿ, ಒಂದೇ ಬಣ್ಣ.

ಮೊದಲನೆಯದು ಬ್ರೋಕರನದು. ಮಾತಿಗೆ ಬೆಣ್ಣೆ ಸವರಿಕೊಂಡೇ ಹುಟ್ಟಿದಂಥ ಮನುಷ್ಯ. “ಈ ಗಾಡಿ ಯಾವತ್ತೂ ಕೈ ಕೊಟ್ಟಿಲ್ಲ ಸಾರ್” ಎಂದ. ಕೊಕ್ಕೆಪ್ಪ ಬಾನೆಟ್ಟಿನ ಮೇಲೆ ಕೈ ಇಟ್ಟು ನೋಡಿದ. ಬಿಸಿ. ಬೆಳಿಗ್ಗೆಯೇ ಓಡಿಸಿ ಕಾಯಿಸಿಟ್ಟಿದ್ದಾರೆ. ತಣ್ಣಗಿದ್ದಾಗ ಈ ಗಾಡಿ ಏಳುವುದಿಲ್ಲ ಎಂದು ಅವನಿಗೆ ಅಲ್ಲೇ ಗೊತ್ತಾಯಿತು. ಓಡಿದ್ದು ನಲವತ್ತು ಸಾವಿರ ಎಂದು ಮೀಟರು ಹೇಳುತ್ತಿತ್ತು, ಬ್ರೇಕ್ ಪೆಡಲಿನ ರಬ್ಬರು ಸವೆದು ತಗಡು ಕಾಣುತ್ತಿತ್ತು. ಮೀಟರನ್ನು ಹಿಂದಕ್ಕೆ ತಿರುಗಿಸಬಹುದು, ಪೆಡಲನ್ನು ತಿರುಗಿಸಲಾಗುವುದಿಲ್ಲ. ಅವನು ಒಂದೊಂದೇ ನೋಡುತ್ತ ಗಾಜಿನ ಮೇಲೆ ಮೇಲಿಂದ ಕೆಳಗೆ ಕೊಕ್ಕೆ ಹಾಕುತ್ತ ಹೋದ. ಸ್ಟೆಪ್ನಿ ಇಲ್ಲ, ಜಾಕ್ ಇಲ್ಲ, ಪೆಡಲಿನ ರಬ್ಬರಿಲ್ಲ, ಬಾಗಿಲ ರಬ್ಬರಿಲ್ಲ, ಹ್ಯಾಂಡ್‌ಬ್ರೇಕಿಗೆ ಹಿಡಿತವಿಲ್ಲ, ಇಂಜಿನ್ನಿನಲ್ಲಿ ಇರಬೇಕಾದಷ್ಟು ಆಯಿಲ್ ಇಲ್ಲ, ರೇಡಿಯೇಟರಿನ ಮುಚ್ಚಳವಿಲ್ಲ, ಒಳಗಿನ ದೀಪವಿಲ್ಲ, ಸರ್ವಿಸ್ ಪುಸ್ತಕದಲ್ಲಿ ಕೊನೆಯ ಆರು ಹಾಳೆಯಿಲ್ಲ. ಒಟ್ಟು ಒಂಬತ್ತು ಕೊಕ್ಕೆ. ಕೆಳಗೆ ಸಹಿ.

ಒರೆಸಲು ಕರ್ಚೀಫಿರಲಿಲ್ಲ. ಬ್ರೋಕರನೂ ಒರೆಸಲು ಹೋಗಲಿಲ್ಲ. ಒಂದು ಹೆಜ್ಜೆ ಹಿಂದೆ ಸರಿದು ಗಾಜನ್ನು ಒಮ್ಮೆ ನೋಡಿ, “ಇರಲಿ ಬಿಡಿ ಸಾರ್, ನಿಮ್ಮ ಅಕ್ಷರ ಚೆನ್ನಾಗಿದೆ” ಎಂದು ಸುಮ್ಮನಾದ.

ಎರಡನೆಯ ಕಾರು ಒಬ್ಬ ಹಲ್ಲಿನ ಡಾಕ್ಟರದು. ಅವರೇ ಓಡಿಸಿದ್ದು, ಅವರೇ ಮಾರುತ್ತಿರುವುದು. ತಣ್ಣಗಿದ್ದ ಇಂಜಿನ್ನು ಒಂದೇ ತಿರುವಿಗೆ ಎದ್ದು ಕೂತಿತು. ಕೊಕ್ಕೆಪ್ಪ ಆಯಿಲ್ ನೋಡಿದ, ನಾಲ್ಕು ಟೈರಿನ ಸವೆತ ನೋಡಿದ, ಬಾಗಿಲುಗಳ ಸಂದು ಬೆರಳಿನಲ್ಲಿ ಅಳೆದ. ಎಲ್ಲಿಯಾದರೂ ನೀರಿನಲ್ಲಿ ಮುಳುಗಿ ಬಂದಿದೆಯೇ ಎಂದು ಡಿಕ್ಕಿಯ ಚಾಪೆ ಎತ್ತಿ ಮೂಸಿದ. ಕಾರಿನ ಅಡಿಯಲ್ಲಿ ಮಲಗಿ ಎದ್ದ. ಅವನ ಅಂಗಿ ಕೊಳೆಯಾಯಿತೇ ಹೊರತು ಕಾರಿನಲ್ಲಿ ಒಂದು ತಪ್ಪೂ ಸಿಗಲಿಲ್ಲ. ಇನ್ನೊಮ್ಮೆ ಮೊದಲಿನಿಂದ ನೋಡಿದ. ಆಗಲೂ ಸಿಗಲಿಲ್ಲ. ಸೀಮೆಸುಣ್ಣ ಹಿಡಿದ ಕೈ ಗಾಳಿಯಲ್ಲೇ ನಿಂತಿತು. ಇಪ್ಪತ್ತೆರಡು ವರ್ಷದಲ್ಲಿ ಇಂಥ ಪುಟ ಅವನ ಕಣ್ಣಿಗೆ ಬಿದ್ದಿರಲಿಲ್ಲ. ಗಾಜಿನ ಕೆಳಗಿನ ಮೂಲೆಯಲ್ಲಿ ಬರೀ ಸಹಿ ಮಾಡಿ ಹೆಂಡತಿಗೆ ಫೋನ್ ಹಚ್ಚಿದ.

“ಸಿಕ್ತು. ಬಿಳೀ ಕಾರು, ಸಾಲಿನ ಕೊನೇಲಿದೆ. ಗಾಜಿನ ಮೇಲೆ ನೋಡಿದ್ರೆ ನಿಂಗೇ ಗೊತ್ತಾಗುತ್ತೆ, ನನ್ನ ಸಹಿ ಇದೆ. ದುಡ್ಡು ತಗೊಂಡು ಬಾ. ನಾನು ಹೋಗಿ ಮಾರಾಟದ ಫಾರಂ ತರ್ತೀನಿ.”

ಇಷ್ಟು ಹೇಳುವಷ್ಟರಲ್ಲಿ ಫೋನಿನ ಚಾರ್ಜು ಮುಗಿಯಿತು. ಡಾಕ್ಟರು ಊಟ ಮಾಡಿ ಬರುತ್ತೇನೆಂದು ಹೋದರು. ಕಾರು ಕಾಯುವ ಹೊಣೆಯನ್ನು ಟೈಂಕೀಪರ್ ಮಾವ ವಹಿಸಿಕೊಂಡ. ಹಿಂದಿನ ಸೀಟು ಹೇಗಿದೆ ನೋಡೋಣವೆಂದು ಒಳಗೆ ಕೂತ, ಆಮೇಲೆ ಒರಗಿದ, ಆಮೇಲೆ ಮುಖದ ಮೇಲೆ ಪೇಪರು ಮುಚ್ಚಿಕೊಂಡ.

ಫಾರಂ ಮಾರುವ ಅಂಗಡಿ ರಸ್ತೆಯಾಚೆಯೇ ಇತ್ತು. ಐದು ನಿಮಿಷದ ಕೆಲಸ. ಆದರೆ ಫಾರಂ ಕೈಗೆ ಬಂದೊಡನೆ ಕೊಕ್ಕೆಪ್ಪನ ಕಣ್ಣು ಮೂರನೇ ಸಾಲಿಗೆ ಹೋಯಿತು. ಅಲ್ಲಿ ‘ವಾಹನವನ್ನು ಮಾರಿರುತ್ತೇನೆ’ ಎಂದಿರಬೇಕಾದದ್ದು ‘ವಾನವನ್ನು ಮಾರಿರುತ್ತೇನೆ’ ಎಂದಿತ್ತು. ಇಂಥ ಕಾಗದಕ್ಕೆ ಸಹಿ ಹಾಕಿ ಕಾರು ಕೊಳ್ಳುವುದು ಅವನಿಂದ ಸಾಧ್ಯವಿರಲಿಲ್ಲ. ಹನ್ನೆರಡು ವರ್ಷದಿಂದ ಇದೇ ಫಾರಂ ಮಾರುತ್ತಿದ್ದೇನೆ, ಯಾರೂ ಕೇಳಿಲ್ಲ ಎಂದು ಅಂಗಡಿಯವನು ಹೇಳಿದ. ಅದೇ ಅಲ್ಲವೇ ತೊಂದರೆ ಎಂದು ಕೊಕ್ಕೆಪ್ಪ ಕುರ್ಚಿ ಎಳೆದುಕೊಂಡು ಕೂತ. ಕಂಪ್ಯೂಟರಿನಲ್ಲಿ ಅದನ್ನು ತಿದ್ದಿಸಿದ, ಅದರ ಜೊತೆಗೆ ಕಂಡ ಇನ್ನೂ ಏಳು ತಪ್ಪು ತಿದ್ದಿಸಿದ, ಹೊಸದಾಗಿ ಅಚ್ಚು ಹಾಕಿಸಿ ಮತ್ತೊಮ್ಮೆ ಓದಿದ. ಅಷ್ಟರಲ್ಲಿ ಮುಕ್ಕಾಲು ಗಂಟೆ ಕಳೆದಿತ್ತು.

ಅವನು ಮೈದಾನಕ್ಕೆ ಮರಳಿದಾಗ ಟೀಚರಮ್ಮ ಕಾರಿನೊಳಗೆ ಸ್ಟೀರಿಂಗ್ ಹಿಡಿದು ಕೂತಿದ್ದಳು. ಬ್ರೋಕರನ ಕಾರಿನಲ್ಲಿ. ಬ್ರೋಕರ್ ಅಲ್ಲಿರಲಿಲ್ಲ.

“ಎಷ್ಟು ಹೊತ್ತು ರೀ? ನಾನು ದುಡ್ಡು ಕೊಟ್ಟು ಕೀ ತಗೊಂಡೂ ಆಯ್ತು. ಪಾಪ, ಆ ಮನುಷ್ಯನೇ ಕಾಗದ ಎಲ್ಲ ತಂದಿದ್ದ, ಅರ್ಜೆಂಟು ಅಂತ ಹೊರಟುಹೋದ.”

“ಇದನ್ನ... ಇದನ್ನ ಯಾಕೆ ತಗೊಂಡೆ?”

“ಇನ್ಯಾವುದನ್ನ ತಗೋಬೇಕಿತ್ತು? ಎರಡು ಬಿಳೀ ಕಾರಲ್ಲೂ ನಿಮ್ಮ ಸಹಿ ಇತ್ತು. ಆ ಪಕ್ಕದ್ದರಲ್ಲಿ ಬರೀ ಸಹಿ, ಒಂದು ಮಾರ್ಕೂ ಇಲ್ಲ, ಖಾಲಿ ಉತ್ತರಪತ್ರಿಕೆ ಥರ. ಇದಕ್ಕೆ ನೋಡಿ” ಎಂದು ಅವಳು ಗಾಜಿನತ್ತ ಬೆರಳು ತೋರಿಸಿದಳು. “ಒಂಬತ್ತಕ್ಕೆ ಒಂಬತ್ತು ರೈಟು.”

ಕೊಕ್ಕೆಪ್ಪ ಗಾಜನ್ನು ನೋಡಿದ. ಅಚ್ಚುಕೂಟದ ಕರಡು ಅವಳ ಕಣ್ಣಿಗೆ ಯಾವತ್ತೂ ಬಿದ್ದದ್ದೇ ಇಲ್ಲ. ತಾನು ಸಾವಿರಾರು ಪುಟಗಳ ಅಂಚಿನಲ್ಲಿ ಹಾಕಿದ ಕೊಕ್ಕೆಯನ್ನು ಶಾಲೆಯಲ್ಲಿ ಕಲಿಸುವವರ ಕಣ್ಣಿನಿಂದ ಅವನು ನೋಡಿದ್ದು ಅದೇ ಮೊದಲು. ಹೌದು, ರೈಟ್ ಮಾರ್ಕೇ. ಒಂಬತ್ತೂ ಮುದ್ದಾಗಿ ಒಂದರ ಕೆಳಗೊಂದು ಕೂತಿದ್ದವು.

“ಮದುವೆಯಾಗಿ ಹದಿನೆಂಟು ವರ್ಷ ಆಯ್ತು” ಎಂದಳು ಅವಳು, ದನಿ ಸ್ವಲ್ಪ ಮೆತ್ತಗಾಗಿ. “ನೀವು ಒಂದಕ್ಕಾದ್ರೂ ರೈಟ್ ಹಾಕಿದ್ದು ನಾನು ನೋಡಿರಲಿಲ್ಲ. ನಂಗೋಸ್ಕರ ಎಷ್ಟು ಕಷ್ಟಪಟ್ಟು ಹುಡುಕಿದೀರಲ್ಲ ಅಂತ ಖುಷಿಯಾಯ್ತು.”

ಅವಳ ಮುಖದಲ್ಲಿ ಅಷ್ಟು ಸಂತೋಷ ಅವನು ಬಡ್ತಿಯ ಕಾಗದ ಬಂದ ದಿನವೂ ಕಂಡಿರಲಿಲ್ಲ. ಅದಕ್ಕೆ ಕೊಕ್ಕೆ ಹಾಕಲು ಅವನಿಗೆ ಮನಸ್ಸು ಬರಲಿಲ್ಲ. ಅಷ್ಟರಲ್ಲಿ ಟೈಂಕೀಪರ್ ಮಾವ ಆಕಳಿಸುತ್ತ ಪಕ್ಕದ ಕಾರಿನಿಂದಿಳಿದ. ಗಾಜು ನೋಡಿದ, ಟೀಚರಮ್ಮನನ್ನು ನೋಡಿದ, ಕೊಕ್ಕೆಪ್ಪನ ಮುಖ ನೋಡಿದ. ಕೊಕ್ಕೆಪ್ಪನ ಕೈಯಿಂದ ಫಾರಮ್ಮುಗಳನ್ನು ಮೆಲ್ಲಗೆ ಬಿಡಿಸಿಕೊಂಡು, “ನೀವು ನಡೀರಿ, ನಾನು ಒಂದು ಟೀ ಕುಡಿದು ಬರ್ತೀನಿ” ಎಂದ.

ಇಂಜಿನ್ನು ಇನ್ನೂ ಬಿಸಿಯಾಗಿದ್ದುದರಿಂದ ಕಾರು ಹೊರಟಿತು. ಟೀಚರಮ್ಮ ಹುಷಾರಾಗಿ ಓಡಿಸಿದಳು. ಮೊದಲನೇ ತಿರುವು ದಾಟಿತು, ಎರಡನೆಯದೂ ದಾಟಿತು. ತನ್ನ ಲೆಕ್ಕವೇ ತಪ್ಪಿರಬಹುದು ಎಂದು ಕೊಕ್ಕೆಪ್ಪ ಬದುಕಿನಲ್ಲಿ ಮೊದಲ ಸಲ ಆಸೆಪಟ್ಟ. ಕಾರು ದಿಣ್ಣೆ ಹತ್ತುವಾಗ ಮುಂದಿನಿಂದ ಹಬೆ ಎದ್ದಿತು, ಒಳಗಿನಿಂದ ಡಬ್ಬ ಉರುಳಿದಂತೆ ಸದ್ದಾಯಿತು, ಅಲ್ಲಿಗೆ ನಿಂತಿತು. ಹ್ಯಾಂಡ್‌ಬ್ರೇಕ್ ಎಳೆದರೂ ಹಿಂದಕ್ಕೆ ಜಾರತೊಡಗಿತು. ಕೊಕ್ಕೆಪ್ಪ ಹಾರಿ ಇಳಿದು ಚಕ್ರಕ್ಕೆ ಕಲ್ಲು ಕೊಟ್ಟ.

“ಒಂಬತ್ತು ರೈಟಿರೋ ಗಾಡಿ ಯಾಕ್ರೀ ನಿಂತಿತು?” ಎಂದಳು ಟೀಚರಮ್ಮ ಇಳಿದು ಬಂದು.

ಇನ್ನು ಮುಚ್ಚಿಟ್ಟು ಫಲವಿರಲಿಲ್ಲ. ಕೊಕ್ಕೆಪ್ಪ ತಲೆ ತಗ್ಗಿಸಿಕೊಂಡು ಮೊದಲನೆಯ ಗುರುತಿನಿಂದ ಒಂಬತ್ತನೆಯವರೆಗೆ ಯಾವುದು ಯಾವುದಿಲ್ಲ ಎಂದು ಒಪ್ಪಿಸಿದ. ಅವಳು ಮಧ್ಯೆ ಮಾತಾಡದೆ ಪೂರ್ತಿ ಕೇಳಿದಳು. ಕೇಳಿ ಕೈಗಡಿಯಾರ ನೋಡಿಕೊಂಡಳು. ಸೋಮವಾರದ ಎಂಟು ಗಂಟೆ ಅವಳ ಕಣ್ಣಮುಂದೆ ಬಂದದ್ದು ಅವನಿಗೂ ಗೊತ್ತಾಯಿತು.

ಅಷ್ಟರಲ್ಲಿ ಒಂದು ಬಿಳಿ ಕಾರು ಸದ್ದಿಲ್ಲದೆ ದಿಣ್ಣೆ ಹತ್ತಿಬಂದು ಪಕ್ಕದಲ್ಲಿ ನಿಂತಿತು. ಗಾಜಿನ ಮೂಲೆಯಲ್ಲಿ ಕೊಕ್ಕೆಪ್ಪನ ಸಹಿ. ಸ್ಟೀರಿಂಗ್ ಹಿಡಿದಿದ್ದವನು ಟೈಂಕೀಪರ್ ಮಾವ.

“ನಾನೂ ನಾಲ್ಕು ವಾರದಿಂದ ಹುಡುಕ್ತಾನೇ ಇದ್ದೆ ಕಣಪ್ಪ” ಎಂದ ಅವನು. “ಯಾವುದಕ್ಕೆ ನೀನು ಕೊಕ್ಕೆ ಹಾಕಲ್ವೋ ಅದನ್ನ ತಗೊಳ್ಳೋಣ ಅಂತ ಹಿಂದೆ ಹಿಂದೆ ಬರ್ತಿದ್ದೆ. ದುಡ್ಡೂ ಜೇಬಲ್ಲೇ ಇತ್ತು, ಇವತ್ತು ಗಾಡಿ ಸಿಕ್ತು. ನಿಮ್ಮದಾಯ್ತು ಅಂತ ಸುಮ್ಮನಿದ್ದೆ, ನೀವೇ ಬಿಟ್ಟುಕೊಟ್ರಿ. ಫಾರಂನಲ್ಲಿ ಒಂದೂ ತಪ್ಪಿಲ್ಲ ಅಂತ ಡಾಕ್ಟರು ತುಂಬಾ ಮೆಚ್ಚಿಕೊಂಡ್ರು.”

ಟೈಂಕೀಪರ್ ಮಾವ ಟೀಚರಮ್ಮನತ್ತ ತಿರುಗಿದ. ಮನೆಯಲ್ಲಿ ಕೂತು ತನಗೂ ಹೊತ್ತು ಹೋಗುವುದಿಲ್ಲ, ನಾಳೆಯಿಂದ ಬೆಳಿಗ್ಗೆ ಏಳೂ ಹತ್ತಕ್ಕೆ ಸರಿಯಾಗಿ ಗಾಡಿ ಬಿಡುತ್ತದೆ, ಒಂದು ನಿಮಿಷವೂ ಆಚೀಚೆ ಇಲ್ಲ, ಡ್ರಾಯಿಂಗ್ ಮೇಷ್ಟ್ರು ಕನ್ನಡಕ ಒರೆಸಿಕೊಳ್ಳುವ ಮೊದಲು ಅವಳು ಕುರ್ಚಿಯಲ್ಲಿ ಕೂತಿರುತ್ತಾಳೆ ಎಂದು ಹೇಳಿದ. ಟೀಚರಮ್ಮನ ಮುಖ ಅರಳಿತು. ಅವಳು ತನ್ನ ಚೀಲ ತೆಗೆದುಕೊಂಡು ಡಾಕ್ಟರ ಕಾರಿನ ಮುಂದಿನ ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಂಡಳು. ಸದ್ದೇ ಬರದಷ್ಟು ಚೆನ್ನಾಗಿ ಅದು ಹಾಕಿಕೊಂಡಿತು.

“ನಾನು?” ಎಂದ ಕೊಕ್ಕೆಪ್ಪ.

“ನೀವು ಗಾಡಿ ಹತ್ರ ಇರಿ. ಮೆಕ್ಯಾನಿಕ್‌ನ ಕಳಿಸ್ತೀವಿ” ಎಂದಳು ಅವಳು. ಆಮೇಲೆ ಕಿಟಕಿಯಿಂದ ತಲೆ ಹೊರಹಾಕಿ, “ಸೀಮೆಸುಣ್ಣ ಇನ್ನೂ ಇದೆಯಲ್ಲ? ಇನ್ನೊಂದು ಕೊಕ್ಕೆ ಹಾಕಿ” ಎಂದಳು.

“ಇನ್ನೇನಿಲ್ಲ ಅದರಲ್ಲಿ?”

“ಡ್ರೈವರ್ ಇಲ್ಲ.”

ಬಿಳಿ ಕಾರು ಹೊರಟುಹೋಯಿತು. ಕೊಕ್ಕೆಪ್ಪ ಅದು ದಿಣ್ಣೆಯಾಚೆ ಮರೆಯಾಗುವವರೆಗೂ ನೋಡಿದ. ಆಮೇಲೆ ಜೇಬಿನಿಂದ ಸೀಮೆಸುಣ್ಣದ ತುಂಡು ತೆಗೆದು ಒಂಬತ್ತರ ಕೆಳಗೆ ಹತ್ತನೆಯದನ್ನು ಹಾಕಿದ. ಗಾಜಿನ ಬುಡದಲ್ಲಿದ್ದ ಹಳೇ ಸಹಿ ಮಾತ್ರ ಹಬೆಗೆ ಅಳಿಸಿಹೋಗಿತ್ತು. ಅಭ್ಯಾಸ ಬಿಡಲಾಗದೆ ಹೊಸದಾಗಿ ಇನ್ನೊಂದು ಸಹಿ ಮಾಡಿದ.