ಪಾಲಿನ ಕೋಳಿಗೆ ಬೇವಿನ ಉಂಡೆ

ಕೋಳಿ ಹುಳವನ್ನು ತಿನ್ನುತ್ತದೆ, ಹುಳ ಕೋಳಿಯನ್ನು ತಿನ್ನುತ್ತದೆ, ಕೊನೆಗೆ ಕೋಳಿಯನ್ನು ನಾವು ತಿನ್ನುತ್ತೇವೆ. ಇಷ್ಟು ಸಲೀಸಾಗಿ ನಡೆದುಕೊಂಡು ಹೋಗುತ್ತಿರುವ ವ್ಯವಹಾರದಲ್ಲಿ ನನ್ನಂಥವನು ಮೂಗು ತೂರಿಸಬಾರದು. ಆದರೆ ಏನು ಮಾಡಲಿ, ನಾನು ಯಳಂದೂರಿನ ಒಂದು ಕಚೇರಿಯಲ್ಲಿ ಗುಮಾಸ್ತ. ಅಲ್ಲಿ ನನ್ನ ಮಾತನ್ನು ಫ್ಯಾನು ಕೂಡ ಕೇಳುವುದಿಲ್ಲ. ನನ್ನ ಮೇಜಿನ ಸ್ವಿಚ್ಚು ಒತ್ತಿದರೆ ಸಾಹೇಬರಿಗೆ ಗಾಳಿ ಬರುತ್ತದೆ. ಧನಗೆರೆಯ ನಮ್ಮ ಹಿತ್ತಲಿನ ಕೋಳಿಗಳಾದರೂ ನನ್ನ ಮಾತು ಕೇಳಲಿ ಎಂದು ಆಸೆಪಟ್ಟೆ.

ಹಿತ್ತಲಿನ ತಾಯಿಕೋಳಿ ನಮ್ಮದೇ ಆಗಿದ್ದರೆ ಇಷ್ಟು ರಾದ್ಧಾಂತ ಆಗುತ್ತಿರಲಿಲ್ಲ. ಹೂಗ್ಯಂನಲ್ಲಿರುವ ನನ್ನ ಹೆಂಡತಿಯ ಅಕ್ಕ ಅದನ್ನು ನಮ್ಮಲ್ಲಿ ಪಾಲಿಗೆ ಬಿಟ್ಟಿದ್ದರು. ಅಂದರೆ ಕೋಳಿ ಅವರದು, ಸಾಕುವ ಪಾಡು ನಮ್ಮದು, ಮರಿಗಳು ಬಲಿತ ಮೇಲೆ ಅರ್ಧ ಅವರಿಗೆ, ಅರ್ಧ ನಮಗೆ. ಪಾಲಿನ ಕೋಳಿಗೆ ಸಹಜ ಸಾವು ಎಂಬುದೇ ಇಲ್ಲ. ನಾಯಿ ಹಿಡಿಯಲಿ, ರೋಗ ಬರಲಿ, ಸಾಕಿದವರೇ ಸಾರು ಮಾಡಿಕೊಂಡರು ಎಂದು ಊರು ತೀರ್ಪು ಕೊಟ್ಟುಬಿಡುತ್ತದೆ. ಹಾಗಾಗಿ ಮರಿಗಳು ಬಲಿಯುವ ಹೊತ್ತಿಗೆ ಸರಿಯಾಗಿ ತಾಯಿಕೋಳಿ ಸೊರಗಿ, ರೆಕ್ಕೆ ಇಳಿಬಿಟ್ಟು ಮೂಲೆಯಲ್ಲಿ ತೂಕಡಿಸತೊಡಗಿದಾಗ ನನ್ನ ಹೆಂಡತಿ ಮಾದೇವಿ ಕಣ್ಣೀರು ಹಾಕಿದಳು.

“ಅಕ್ಕನ್ ಕೋಳಿ ಕಣ್ರಿ ಅದು. ಸತ್ತೋದ್ರೆ ಮಕ ಎಂಗ್ ತೋರ್ಸದು? ಗಂಡ ಎಂಡ್ತಿ ಕೂತ್ಕಂಡು ತಿಂದ್ಬುಟ್ರು ಅಂತಾಳೆ. ಬರೋ ಭಾನ್ವಾರ ಪಾಲು ಮಾಡ್ಕಳಕೆ ಬತ್ತಾವ್ಳೆ ಬೇರೆ!”

ಹಿಕ್ಕೆಯಲ್ಲಿ ದಾರದಂಥ ಹುಳಗಳು ಕಂಡಿದ್ದವು. ಕೊಳ್ಳೇಗಾಲಕ್ಕೆ ಹೋಗಿ ಹುಳದ ಔಷಧಿ ತನ್ನಿ ಎಂದಳು. ನಾನು ಮೊಬೈಲಿನಲ್ಲಿ ಯಾರೋ ಗಡ್ಡದವನ ನಾಟಿ ಔಷಧಿಯ ವಿಡಿಯೊ ನೋಡಿ ಆಗಲೇ ಅರ್ಧ ಋಷಿಯಾಗಿದ್ದೆ. “ಔಷಧಿ ಎಲ್ಲ ನಮ್ಮ ಹಿತ್ತಲಲ್ಲೇ ಇದೆ” ಎಂದು ಗಂಭೀರವಾಗಿ ಹೇಳಿ, ಪಪಾಯಿ ಬೀಜ, ಬೇವಿನ ಚಿಗುರು, ಬೆಳ್ಳುಳ್ಳಿ, ಅರಿಸಿನ, ಸ್ವಲ್ಪ ಮೆಣಸು ಸೇರಿಸಿ ರುಬ್ಬಿದೆ. ರಾಗಿ ಹಿಟ್ಟಿನಲ್ಲಿ ಕಲಸಿ ಉಂಡೆ ಕಟ್ಟುತ್ತಿದ್ದಾಗ ವಾಸನೆ ಹಿಡಿದು ಪಕ್ಕದ ಮನೆಯ ಪುಟ್ಟಮ್ಮ ಬೇಲಿಯ ಮೇಲಿಂದ ಇಣುಕಿದಳು.

“ಏನಣ್ಣೋ, ಇವತ್ತು ಬಾಡೂಟವಾ?”

“ಅಲ್ಲ, ಕೋಳಿಗೆ ಔಷಧಿ” ಎಂದೆ.

ಅವಳು ನನ್ನ ತಟ್ಟೆಯನ್ನು ನೋಡಿದಳು, ಮೂಲೆಯಲ್ಲಿದ್ದ ಕೋಳಿಯನ್ನು ನೋಡಿದಳು. “ಬೆಳ್ಳುಳ್ಳಿ, ಅರಿಸ್ನ, ಮೆಣಸು! ಜೀವ ಇರೋ ಕೋಳಿಗೇ ಮಸಾಲೆ ತುಂಬ್ತಿದ್ದೀಯಲ್ಲಣ್ಣ! ಉಪ್ಪೂ ಆಕ್ಬುಡು, ಒಲೆ ಮೇಲೆ ಇಡದೊಂದೇ ಬಾಕಿ.”

ಸಂಜೆಯೊಳಗೆ ಈ ಮಾತು ಬೀದಿಯೆಲ್ಲ ಸುತ್ತಿ, ಹೇಗೋ ಹೂಗ್ಯಂಗೂ ತಲುಪಿತು. ಅಕ್ಕ ಫೋನು ಮಾಡಿ ನಮ್ಮ ಯೋಗಕ್ಷೇಮ ಕೇಳದೆ, “ನನ್ ಕೋಳಿ ಉಸ್ರಾಡ್ತಾ ಅದಾ?” ಎಂದು ಕೇಳಿದರು. ಮಾದೇವಿ ನನ್ನನ್ನು ನೋಡಿದ ನೋಟಕ್ಕೇ ಹೊಟ್ಟೆಯ ಹುಳವೆಲ್ಲ ಸಾಯಬೇಕಿತ್ತು.

ಇನ್ನು ಕೋಳಿ ಬದುಕಲೇಬೇಕು. ಅದು ಉಂಡೆಯಲ್ಲಿದ್ದ ರಾಗಿಯನ್ನಷ್ಟೇ ಕುಕ್ಕಿ ಔಷಧಿಯನ್ನು ನನಗೇ ಬಿಟ್ಟಿತು. ಹಾಗಾಗಿ ಹಿಡಿದು, ಕೊಕ್ಕು ಬಿಡಿಸಿ, ಗಂಟಲಿಗೆ ತುರುಕಬೇಕಾಯಿತು. ತಾಯಿಗೆ ಹುಳ ಇದ್ದರೆ ಮರಿಗಳಿಗೂ ಇರುತ್ತದೆ ಎಂದು ಗಡ್ಡದವನು ಹೇಳಿದ್ದ. ಕಚೇರಿಗೆ ಹೋಗುವ ಮುಂಚೆ ಒಂದು ಸುತ್ತು, ಬಂದ ಮೇಲೆ ಇನ್ನೊಂದು ಸುತ್ತು, ಲುಂಗಿ ಎತ್ತಿ ಕಟ್ಟಿಕೊಂಡು ಎಲ್ಲವನ್ನೂ ಅಟ್ಟಾಡಿಸಿದೆ. ಬೆಳಗ್ಗೆ ಎದ್ದು ಕಡ್ಡಿ ಹಿಡಿದು ಹಿಕ್ಕೆ ಕೆದಕುವುದೇ ನನ್ನ ಪೂಜೆಯಾಯಿತು. ಮೊದಲ ಸಲ ಹುಳ ಹೊರಬಿದ್ದಾಗ ನಾನು ಕುಣಿದದ್ದು ಕಂಡು ಮಾದೇವಿ, ನಮ್ಮ ಮದುವೆಯ ದಿನವೂ ನೀವು ಇಷ್ಟು ನಕ್ಕಿರಲಿಲ್ಲ ಎಂದಳು.

ಭಾನುವಾರದ ಹೊತ್ತಿಗೆ ಕೋಳಿ ಗೆಲುವಾಗಿ ತಿಪ್ಪೆ ಕೆದರತೊಡಗಿತು. ನನ್ನ ಉಂಡೆಯಿಂದಲೋ, ಮಾದೇವಿ ಗೂಡು ತೊಳೆದು ಬೂದಿ ಚೆಲ್ಲಿದ್ದರಿಂದಲೋ, ನನ್ನ ಕೈಗೆ ಸಿಗದಂತೆ ಓಡಿ ಓಡಿ ವ್ಯಾಯಾಮವಾದದ್ದರಿಂದಲೋ ಗೊತ್ತಿಲ್ಲ. ನನಗಂತೂ ಹೆಮ್ಮೆ ಉಕ್ಕಿತು. ಅಕ್ಕ ಬಂದು ಪಾಲಿನ ಮರಿಗಳನ್ನು ಒಯ್ಯಲು ತಂದ ಕುಕ್ಕೆ ಇಟ್ಟರು. ಇಸ್ತ್ರಿ ಶರ್ಟು ತೊಟ್ಟು, ಹೊಗಳಿಕೆ ಕೇಳಲು ನಾನು ಹಿತ್ತಲಿಗೆ ಕಾಲಿಟ್ಟೆ. ತಾಯಿ, ಮರಿ ಎನ್ನದೆ ಇಡೀ ಸಂಸಾರ ಪುರ್ರನೆ ಎದ್ದು ಹುಣಸೆಮರ ಹತ್ತಿಬಿಟ್ಟಿತು. ಮಾದೇವಿ ಕಾಳು ಚೆಲ್ಲಿ ಕರೆದಳು, ಪುಟ್ಟಮ್ಮ ಕೋಲು ಅಲ್ಲಾಡಿಸಿದಳು. ಒಂದೂ ಇಳಿಯಲಿಲ್ಲ. ಎಲ್ಲವೂ ನನ್ನ ಕೈಯನ್ನೇ ನೋಡುತ್ತಿದ್ದವು.

ಅಕ್ಕ ಒಂದು ಗಳಿಗೆ ಮರ ನೋಡಿದರು, ಆಮೇಲೆ ನನ್ನನ್ನು ನೋಡಿದರು. “ಕೋಳಿ ಚೆಂದಾಗದೆ ಕಣೇ ಮಾದೇವಿ. ಇವ್ರು ಇಲ್ಲಿರೋ ಗಂಟ ಅವು ಇಳಿಯಕಿಲ್ಲ, ನಿನ್ ಗಂಡನ್ನ ಒಸಿ ಒತ್ತು ಎಲ್ಲಿಗಾರ ಕಳ್ಸು.”

ಮಾದೇವಿ ಒಳಗೆ ಹೋಗಿ ಒಂದು ಖಾಲಿ ಕೈಚೀಲ ತಂದು ನನ್ನ ಕೈಗಿಟ್ಟಳು. ಏನು ತರಬೇಕು ಎಂದು ಕೇಳಿದ್ದಕ್ಕೆ, “ಏನೂ ಬ್ಯಾಡ, ಒಂಟೋಗಿ” ಎಂದಳು. ನಾನು ಬೀದಿಯ ತಿರುವು ದಾಟುವಷ್ಟರಲ್ಲಿ ಹಿಂದೆ ದಪ್ ದಪ್ ಎಂದು ಕೋಳಿಗಳು ಇಳಿಯುವ ಸದ್ದು, ಹೆಂಗಸರ ನಗು ಕೇಳಿಸಿತು. ಹಿತ್ತಲಿನ ಔಷಧಿ ಚೆನ್ನಾಗಿಯೇ ಕೆಲಸ ಮಾಡಿತ್ತು. ಕೋಳಿಗಳನ್ನು ಅಷ್ಟು ದಿನ ಕಾಡುತ್ತಿದ್ದದ್ದು ಕೊನೆಗೂ ಹೊರಬಿದ್ದು, ಖಾಲಿ ಚೀಲ ಹಿಡಿದು ಕೊಳ್ಳೇಗಾಲದ ಬಸ್ಸಿಗೆ ಕಾಯುತ್ತ ನಿಂತಿತ್ತು.