ರಾಣಿಯ ಮೂಗು

ನಮ್ಮ ಸೋದರಮಾವ ಒಂದು ಮೂಗಿಗಾಗಿ ಡೊಂಬಿವಲಿಯಿಂದ ಕಲ್ಯಾಣಕ್ಕೆ ಅಲೆದಷ್ಟು, ಜನ ಹೆಣ್ಣು ಹುಡುಕಲೂ ಅಲೆಯುವುದಿಲ್ಲ. ಮೂಗು ಅವರದ್ದಲ್ಲ. ಶತಮಾನಗಳ ಹಿಂದೆ ನಮ್ಮ ಕರಾವಳಿಯಲ್ಲಿ ಪರಂಗಿಗಳ ಹಡಗು ಸುಟ್ಟ ರಾಣಿಯದ್ದು!

ಎರಡು ಸಾವಿರದ ಹತ್ತರ ಆಸುಪಾಸು. ಡೊಂಬಿವಲಿಯ ಉದ್ಯಾನವೊಂದರಲ್ಲಿ ಆ ರಾಣಿಯ ಪುತ್ಥಳಿ ನಿಲ್ಲಿಸಲು ನಮ್ಮವರ ಸಂಘ ಹೊರಟಿತ್ತು. ಹೋಟೆಲಿನ ಗಲ್ಲಾ ಮಗನಿಗೆ ಬಿಟ್ಟು ಬಿಡುವಾಗಿದ್ದ ಮಾವನಿಗೆ ಉಸ್ತುವಾರಿ ಬಿತ್ತು. ಕಲ್ಯಾಣದ ಶಿಲ್ಪಿ ವರ್ಷವಿಡೀ ಗಣಪತಿ ಮಾಡುವವನು. ಮಣ್ಣಿನ ಮೂರ್ತಿ ಒಪ್ಪಿಗೆಯಾದ ಮೇಲೆ ಅಚ್ಚು ತೆಗೆದು ಕಂಚು ಎರೆಯುವುದು ಕ್ರಮ.

"ಕಾಕಾ, ಫೋಟೊ ದ್ಯಾ ನಾ," ಎಂದ ಶಿಲ್ಪಿ.

"ಫೋಟೊ ಕಿಧರ್ ಸೆ ಲಾಯೇಗಾ? ಉಸ್ ಟೈಮ್ ಮೇ ಸ್ಟುಡಿಯೊ ಥಾ ಕ್ಯಾ?" ಆ ಕಾಲದಲ್ಲಿ ಸ್ಟುಡಿಯೊ ಎಲ್ಲಿತ್ತೆಂದು ರೇಗಿದರು ಮಾವ.

ಅವನು ತನಗೆ ಗೊತ್ತಿದ್ದ ಮರಾಠಿ ರಾಣಿಯರಂತೆ ಕುದುರೆ, ಒಂಬತ್ತು ಗಜದ ಸೀರೆ, ಮುತ್ತಿನ ನತ್ತು ಎಲ್ಲ ಮಾಡಿಟ್ಟ. ಮಾವ ಒಂದೊಂದಾಗಿ ತೆಗೆಸಿದರು. ಉಳಿದದ್ದು ಮೂಗು. ಇವತ್ತು ಉದ್ದವಾಯಿತು, ನಾಳೆ ಚಪ್ಪಟೆಯಾಯಿತು. ಲೋಕಲ್ ರೈಲಿನಲ್ಲೂ ಮಾವ ಕಂಡವರ ಮೂಗು ನೋಡುತ್ತ ನಿಲ್ಲತೊಡಗಿದರು. ಮೀಸೆಯವರೊಬ್ಬರು ಕೇಳಿಯೇಬಿಟ್ಟರು, "ಕ್ಯಾ ದೇಖ್ ರಹೇ ಹೋ?"

"ಆಪ್‌ಕಾ ನಾಕ್ ರಾಣಿ ಕೆ ಲಾಯಕ್ ಹೈ," ಎಂದರು ಮಾವ, ರಾಣಿಗೆ ತಕ್ಕ ಮೂಗೆಂದು ಮೆಚ್ಚಿ.

ಥಾಣೆಗೆ ಹೊರಟಿದ್ದ ಮೀಸೆ ಮುಂದಿನ ಸ್ಟೇಷನ್ನಿನಲ್ಲೇ ಇಳಿದುಹೋಯಿತು.

ಸಂಘದವರಿಗೂ ಸಾಕಾಯಿತು. "ರಾಣಿಯನ್ನು ನೋಡಿದವರು ಯಾರಿದ್ದಾರೆ ಮಾರಾಯ್ರೆ? ಯಾವುದಾದರೂ ಒಂದು ಮೂಗು ಇಡಿ. ನಾಳೆ ಅಚ್ಚು ತೆಗೆಯಲೇಬೇಕು."

ಆ ಕೊನೆಯ ದಿನ ಮಾವ, ಅಮ್ಮನನ್ನೂ ನನ್ನನ್ನೂ ಕರೆದೊಯ್ದರು. ಜೋರು ಮಳೆ ಎಂದು ನನ್ನ ನೆನಪು. ಮೇ ತಿಂಗಳ ಬಿಸಿಲು ಎನ್ನುತ್ತಾಳೆ ಅಮ್ಮ. ಒಂದೇ ರಿಕ್ಷಾದಲ್ಲಿ ಹೋದವರ ಗತಿ ಇದಾದರೆ, ರಾಣಿಯ ಮೂಗನ್ನು ಯಾರಲ್ಲಿ ವಿಚಾರಿಸುವುದು?

ಶಿಲ್ಪಿ ಮಣ್ಣಿನ ಮೂರ್ತಿಗೆ ಹೊದಿಸಿದ್ದ ಒದ್ದೆ ಬಟ್ಟೆ ಸರಿಸಿದ. ಅಮ್ಮ ತುಂಬ ಹೊತ್ತು ನೋಡಿದಳು.

"ಅಣ್ಣ, ನೀನು ಮಾಡಿಸ್ತಿರುವುದು ನಮ್ಮಮ್ಮನನ್ನಾ?"

ಮಾವ ಕನ್ನಡಕ ಒರೆಸಿಕೊಂಡರು. ಅಜ್ಜಿ ಹೋದಾಗ ಅವರಿಗೆ ಒಂಬತ್ತು ವರ್ಷ, ಅಮ್ಮನಿಗೆ ನಾಲ್ಕು. ಅಜ್ಜಿಯದ್ದೂ ಒಂದು ಫೋಟೊ ಇಲ್ಲ.

"ಅವಳ ಮೂಗು ಇಷ್ಟು ಚೂಪಿರಲಿಲ್ಲ," ಎಂದಳು ಅಮ್ಮ.

"ನಿನಗೇನು ನೆನಪುಂಟು? ಇಷ್ಟೇ ಇಷ್ಟು ಇದ್ದೆ."

"ಇಷ್ಟೇ ಇದ್ದರೂ ಅವಳ ಸೊಂಟದ ಮೇಲಿದ್ದೆ. ನೀನು ನೋಡಿದ್ದೆಲ್ಲ ಕೆಳಗಿನಿಂದ."

ಅಮ್ಮ ಸೆರಗು ಸಿಕ್ಕಿಸಿ ಸ್ಟೂಲ್ ಹತ್ತಿದಳು. ಈಗ ರಾಣಿಯ ಮುಖಕ್ಕೆ ಮುಖ. ಹೆಬ್ಬೆರಳನ್ನು ನೀರಿನಲ್ಲದ್ದಿ ಮೂಗಿನ ತುದಿಯನ್ನು ಒಂದಿಷ್ಟೇ ಒತ್ತಿದಳು. ಶಿಲ್ಪಿ ತಡೆಯಲು ಎದ್ದವನು ಹಾಗೇ ನಿಂತ.

"ಈಗ ನೋಡು," ಎಂದಳು.

ಮಾವ ನಿಂತು ನೋಡಿದರು. ತಲೆಯಾಡಿಸಿದರು. ಆಮೇಲೆ ಮೊಣಕಾಲು ಹಿಡಿದುಕೊಂಡು ಆ ಕೆಸರು ನೆಲದಲ್ಲೇ, ಒಂಬತ್ತು ವರ್ಷದ ಹುಡುಗನ ಎತ್ತರಕ್ಕೆ ಕುಳಿತು, ಕತ್ತೆತ್ತಿದರು.

"ಹೌದು," ಎಂದರು. "ಇಲ್ಲಿಂದಲೂ ಅವಳೇ."